ಕೊಟ್ಟ ಮನೆಯ ನೀರು

ಶ್ರೀನಿವಾಸಪುರದಲ್ಲಿ ನಾನು ಬಾಡಿಗೆಗೆ ಹಿಡಿದ ಕೋಣೆಯ ಒಡತಿ ಪಾಪಮ್ಮ ಮೊದಲ ವಾರವೇ ನನ್ನನ್ನು ಹೆದರಿಸಿಬಿಟ್ಟರು. ಅದೇ ಊರಿನ ಆಚೆ ಕೇರಿಯಲ್ಲಿದ್ದ ಕಿರಿಮಗಳ ಮನೆಗೆ ಬೆಳಿಗ್ಗೆ ಹೋದವರು, ಉರಿಬಿಸಿಲಿನಲ್ಲಿ ನಡೆದು ಬಂದು ಜಗಲಿಯ ಮೇಲೆ ಕುಸಿದರು. ನಾನು ಓಡಿಹೋಗಿ ನೀರು ತಂದುಕೊಟ್ಟೆ. ಚೊಂಬು ಎತ್ತಿ ಗಟಗಟನೆ ಕುಡಿದು ಮುಗಿಸಿದರು. ಮಗಳ ಮನೆಯಲ್ಲಿ ನೀರಿರಲಿಲ್ಲವೇ ಎಂದು ಕೇಳಿದೆ.

"ಕೊಟ್ಟ ಮನೇಲಿ ನಾವು ನೀರು ಮುಟ್ಟಲ್ಲ ಕಣಮ್ಮ," ಎಂದರು. "ಒಂದು ಮೊಮ್ಮಗು ಆಗ್ಲಿ. ಆಮೇಲೆ ಕುಡೀತೀನಿ."

ಹೆಣ್ಣು ಕೊಟ್ಟ ಮನೆಯಲ್ಲಷ್ಟೇ ಅಲ್ಲ, ಕೊಡಬೇಕೆಂದು ಮನಸ್ಸು ಮಾಡಿದ ಮನೆಯಲ್ಲೂ ಹೆಣ್ಣಿನ ಕಡೆಯ ಹಿರಿಯರು ಅನ್ನ ನೀರು ಮುಟ್ಟಬಾರದಂತೆ. ನಮ್ಮ ದಾವಣಗೆರೆಯಲ್ಲಿ ಬೀಗರು ಬಂದರೆ ಹೋಳಿಗೆ ತಿನ್ನಿಸದೆ ಬಿಡುವುದುಂಟೇ? ಎಂಥ ಊರಿಗೆ ಬಂದು ಬಿದ್ದೆನಪ್ಪಾ ಎನಿಸಿತು.

ಗಂಡ ತೀರಿಕೊಂಡ ಮೇಲೆ ಓದಿ ಟೀಚರಾದವಳು ನಾನು. ಯುದ್ಧದ ಕಾಲ, ಸೀಮೆಎಣ್ಣೆಗೂ ಪರದಾಟ. ಇಲ್ಲಿನ ಹೆಣ್ಣುಮಕ್ಕಳ ಮಿಡ್ಲ್ ಸ್ಕೂಲಿಗೆ ವರ್ಗವಾಗಿ ಬಂದಾಗ, ಒಂಟಿ ಹೆಂಗಸಿಗೆ ಮನೆ ಕೊಡಲು ಊರೆಲ್ಲ ಹಿಂದೆಮುಂದೆ ನೋಡಿತು. ಪಾಪಮ್ಮ ಮಾತ್ರ ಒಂದು ಮಾತೂ ಕೇಳದೆ ಬೀಗದ ಕೈ ಕೊಟ್ಟರು. ಅವರ ಜೊತೆ ಇದ್ದವಳು ಮೊಮ್ಮಗಳು ರತ್ನ. ಅವಳಿಗೆ ಅಪ್ಪ ಅಮ್ಮ ಇಲ್ಲ. ಅವಳು ಅಜ್ಜಿಯನ್ನು 'ಅವ್ವ' ಎನ್ನುತ್ತಿದ್ದಳು. ನಮ್ಮ ಕಡೆ ಅವ್ವ ಎಂದರೆ ಹೆತ್ತವಳು, ಇಲ್ಲಿ ತೆಲುಗಿನವರ ಹಾಗೆ ಅಜ್ಜಿ. ಕ್ರಮೇಣ ನನ್ನ ಬಾಯಲ್ಲೂ ಪಾಪಮ್ಮ ಅವ್ವನೇ ಆದರು.

ಜೋಳದ ರೊಟ್ಟಿ ಕಡಿದು ಬೆಳೆದ ನನ್ನ ಹಲ್ಲಿಗೆ ಇಲ್ಲಿ ಕೆಲಸವೇ ಇಲ್ಲ. ರಾಗಿಮುದ್ದೆಯನ್ನು ಅಗಿಯಬಾರದು, ಸಾರಿನಲ್ಲಿ ಅದ್ದಿ ನುಂಗಬೇಕು. ನಾನು ಅಗಿಯುವುದನ್ನು ನೋಡಿ ರತ್ನ ಬಾಗಿಲ ಮರೆಗೆ ಹೋಗಿ ನಗುತ್ತಿದ್ದಳು. ತರಗತಿಯಲ್ಲಿ ನಗುವ ಸರದಿ ನನ್ನದು. ನಾನು ಕನ್ನಡದಲ್ಲಿ ಲೆಕ್ಕ ಕೇಳಿದರೆ ಅವಳ ತುಟಿ ತೆಲುಗಿನಲ್ಲಿ ಕೂಡಿ ಕಳೆದು, ಕೈ ಕನ್ನಡದಲ್ಲಿ ಉತ್ತರ ಬರೆಯುತ್ತಿತ್ತು. ಮೊದಮೊದಲು ಗದರಿದೆ. ಉತ್ತರ ಎಂದೂ ತಪ್ಪುತ್ತಿರಲಿಲ್ಲ, ಹಾಗಾಗಿ ಸುಮ್ಮನಾದೆ.

ಮಿಡ್ಲ್ ಸ್ಕೂಲು ಮುಗಿದರೆ ಮುಂದೆ ಹೈಸ್ಕೂಲು, ಅದಕ್ಕೆ ಕೋಲಾರಕ್ಕೇ ಹೋಗಬೇಕು. ಕೊನೆಯ ತರಗತಿಯಲ್ಲಿ ಉಳಿದಿದ್ದವರೇ ಕೆಲವರು, ಅವರಲ್ಲೂ ಮುಂದೆ ಓದುವ ಆಸೆಯಿದ್ದವಳು ರತ್ನ ಒಬ್ಬಳೇ. ಸಂಜೆ ಜಗಲಿಯ ಮೇಲೆ ಅವಳಿಗೆ ಪಾಠ ನಡೆಯುತ್ತಿತ್ತು. ಇಂಗ್ಲಿಷ್ ಹೇಗೋ ಬಂತು, ಬಾಯಿ ಬಿಡುವುದೇ ಬರಲಿಲ್ಲ. ಹೆಸರು ಕೇಳಿದರೂ ತಲೆ ತಗ್ಗಿಸಿ ಕಾಲ ಹೆಬ್ಬೆರಳಿನಿಂದ ನೆಲ ಕೆರೆಯುವಳು. ಹೈಸ್ಕೂಲಿನ ಹೆಡ್ ಮಾಸ್ಟರಿಗೆ ನಿನ್ನ ಹೆಬ್ಬೆರಳಿನ ಭಾಷೆ ಗೊತ್ತಿಲ್ಲ ಎಂದು ರೇಗುತ್ತಿದ್ದೆ. ಬೇಸಿಗೆ ಬರುವ ಹೊತ್ತಿಗೆ ಅವಳು ನನ್ನ ಕಣ್ಣು ನೋಡಿ ಉತ್ತರ ಹೇಳುವಷ್ಟಾದಳು, ಪರೀಕ್ಷೆಯಲ್ಲೂ ಪಾಸಾದಳು. ನಾನು ಬೀಗಿಹೋದೆ.

ಆದರೆ ಅವ್ವ ಮಾತ್ರ ಹೂಂ ಎನ್ನಲಿಲ್ಲ, ಉಹೂಂ ಎನ್ನಲೂ ಇಲ್ಲ. ಗೊತ್ತಿಲ್ಲದ ಊರಿನಲ್ಲಿ ಪಿಲ್ಲನ್ನ ಯಾರ ಮನೆಯಲ್ಲಿ ಬಿಡಲಿ ಎನ್ನುತ್ತಿದ್ದರು. ಪಿಲ್ಲ ಎಂದರೆ ತೆಲುಗಿನಲ್ಲಿ ಹುಡುಗಿ. ಕೇರಿಯವರು ಆಗಲೇ ಗಂಡು ತೋರಿಸತೊಡಗಿದ್ದರು. ಈ ಬೇಸಿಗೆ ತಪ್ಪಿದರೆ ರತ್ನಳ ಓದು ಮುಗಿದಂತೆಯೇ ಎಂದು ನನಗೆ ಗೊತ್ತಿತ್ತು. ಕೋಲಾರದಲ್ಲಿ ಅವರ ದೂರದ ನೆಂಟರು ಸೀತಮ್ಮ ಎಂಬುವರಿದ್ದಾರೆಂದು ತಿಳಿದು ಹೇಳಿಕಳಿಸಿದೆ. ಹುಡುಗಿ ನಮ್ಮಲ್ಲೇ ಇರಲಿ, ಒಮ್ಮೆ ಕರೆದುಕೊಂಡು ಬನ್ನಿ ಎಂದು ಉತ್ತರ ಬಂತು. ಮೂವರೂ ಸಣ್ಣ ರೈಲು ಹತ್ತಿದೆವು. ದಾವಣಗೆರೆಯ ದೊಡ್ಡ ರೈಲು ನೋಡಿದವರು ಇದನ್ನು ನೋಡಿದರೆ ಆಟದ ಸಾಮಾನು ಎಂದಾರು.

ಸೀತಮ್ಮನ ಮನೆಯಲ್ಲಿ ಹೊಸ ಚಾಪೆ ಹಾಸಿತ್ತು. ನನ್ನನ್ನು ಒಂದು ಮೂಲೆಗೆ ಕೂರಿಸಿದರು. ರತ್ನಳ ಜಡೆಗೆ ಕನಕಾಂಬರ ಮುಡಿಸಿ, ನಡೆದು ಬಾ, ನೀರು ತಾ, ಒಂದು ಹಾಡು ಹೇಳು ಎಂದರು. ಹೈಸ್ಕೂಲಿಗೆ ಸೇರುವ ಹುಡುಗಿಗೆ ಇದೆಲ್ಲ ಯಾಕೆ ಎಂದು ನಾನು ಪೆದ್ದಿಯ ಹಾಗೆ ನೋಡುತ್ತಿದ್ದೆ. ಅಷ್ಟರಲ್ಲಿ ಇಸ್ತ್ರಿ ಮಾಡಿದ ಷರಟು ತೊಟ್ಟ ಮಗ ಬಂದು ಎದುರಿನ ಕುರ್ಚಿಯಲ್ಲಿ ಕೂತ. ಆಗ ನನಗೆ ಹೊಳೆಯಿತು. ಮನೆ ಹುಡುಕಿಕೊಡಲು ಹೋದವಳು ನಾನೇ ಹೆಣ್ಣು ತೋರಿಸಲು ಕರೆತಂದಿದ್ದೆ.

"ಇವತ್ತಿಂದ ನಮ್ಮನೆ ಹುಡುಗೀನೇ ಅನ್ಕೊಳ್ಳಿ," ಎಂದರು ಸೀತಮ್ಮ. "ಮದುವೆ ಮುಗಿಸಿಬಿಡೋಣ. ಓದೋದು ಬರೆಯೋದು ಆಮೇಲೆ ನೋಡ್ಕೊಂಡ್ರಾಯ್ತು."

ರತ್ನ ತಲೆ ತಗ್ಗಿಸಲಿಲ್ಲ, ನಾನು ಕಲಿಸಿದ ಹಾಗೆ ನೇರವಾಗಿ ನನ್ನ ಕಣ್ಣನ್ನೇ ನೋಡಿದಳು. ನನಗೇ ಬಾಯಿ ಬರಲಿಲ್ಲ. ಎಲ್ಲಿಂದಲೋ ಬಂದವಳು, ಮೇಲಾಗಿ ವಿಧವೆ; ಮದುವೆಯ ಮಾತಿನಲ್ಲಿ ನಾನು ಯಾವ ಬಾಯಿ ಹಾಕಲಿ? ಒಳ್ಳೆ ಮನೆ, ಓದಿದ ಹುಡುಗ. ಅವ್ವನಿಗೆ ಇನ್ನೇನು ಬೇಕು? ಅವರು ಅಡಿಕೆ ಅಗಿಯುತ್ತ ರತ್ನಳನ್ನೊಮ್ಮೆ, ನನ್ನನ್ನೊಮ್ಮೆ ನೋಡಿದರು.

"ಎಲೆ ಹಾಕಮ್ಮ," ಎಂದರು ಕೊನೆಗೆ. "ಹೊಟ್ಟೆ ಹಸೀತಾ ಐತೆ."

ಸೀತಮ್ಮನ ಮುಖ ಕಪ್ಪಿಟ್ಟಿತು. ಕೊಡುವ ಮನಸ್ಸಿದ್ದವರು ಊಟ ಕೇಳುವುದುಂಟೇ? ಅವ್ವ ಸಾವಕಾಶವಾಗಿ ಮುದ್ದೆ ಉಂಡರು, ಸಾರು ಕೇಳಿ ಹಾಕಿಸಿಕೊಂಡರು, ತುಂಬಿದ ಚೊಂಬು ನೀರು ಕುಡಿದರು. ಮದುವೆಯ ಮಾತು ಅಲ್ಲಿಗೇ ನಿಂತಿತು. ಅಷ್ಟು ಮರ್ಯಾದೆಯಿಂದ ಯಾರನ್ನಾದರೂ ಬೇಡವೆಂದದ್ದನ್ನು ನಾನು ನಮ್ಮೂರಿನಲ್ಲಿ ಕಂಡಿಲ್ಲ.

ಆದರೆ ಮದುವೆಯ ಜೊತೆಗೆ ಮನೆಯೂ ತಪ್ಪಿತ್ತು. ರೈಲಿನಲ್ಲಿ ರತ್ನ ಕಿಟಕಿಗೆ ಮುಖ ಕೊಟ್ಟು ಅಳುತ್ತಿದ್ದಳು. ಅವ್ವ ನನ್ನ ಕಡೆ ತಿರುಗಿ ಕೇಳಿದರು: "ನೀನ್ಯಾಕೆ ಕೋಲಾರದಲ್ಲಿ ಮನೆ ಮಾಡಬಾರ್ದು ಟೀಚರಮ್ಮ?"

ಅವರಿಗೆ ಗೊತ್ತಿಲ್ಲದ ಸಂಗತಿ ಒಂದಿತ್ತು. ದಾವಣಗೆರೆಗೆ ವರ್ಗ ಬೇಕೆಂದು ನಾನು ಬಂದಾಗಿನಿಂದ ಕೇಳುತ್ತಿದ್ದೆ, ಈ ಸಲ ಆಗಬಹುದು ಎಂದು ಮೇಲಿನವರು ಹೇಳಿದ್ದರು. ಊರಲ್ಲಿ ನನ್ನನ್ನು ಹೆತ್ತವ್ವ ದಿನ ಎಣಿಸುತ್ತಿದ್ದಳು. ಶ್ರೀನಿವಾಸಪುರದಲ್ಲಿ ಇಳಿಯುವಾಗ ಹೂಂ ಎಂದೆ. ದಾವಣಗೆರೆಯ ಬದಲು ಕೋಲಾರ ಕೊಡಿ ಎಂದು ಕೇಳಿದ್ದಕ್ಕೆ ಮೇಲಿನವರು ನನ್ನನ್ನು ವಿಚಿತ್ರವಾಗಿ ನೋಡಿದರು. ಹೆತ್ತವ್ವ ನನ್ನ ಮೇಲೆ ಮುನಿದಿದ್ದಾಳೆ ಎಂದು ಊರಿಂದ ಸುದ್ದಿ ಬಂತು. ಅದನ್ನು ಕೇಳಿ ಒಬ್ಬಳೇ ಕೂತು ಅತ್ತೆ.

ಈಗ ನಾವು ಕೋಲಾರದವರು. ರತ್ನ ಹೈಸ್ಕೂಲಿನಲ್ಲಿ ಹೆಸರು ಕೇಳಿದ್ದಕ್ಕೆ ಎಲ್ಲರಿಗೂ ಕೇಳುವಂತೆ ಹೇಳಿದಳಂತೆ. ಹೋದ ಭಾನುವಾರ ಶ್ರೀನಿವಾಸಪುರದಿಂದ ಅವ್ವ ಬಂದಿದ್ದರು, ಹೆಗಲ ಮೇಲೆ ರಾಗಿಹಿಟ್ಟಿನ ಗಂಟು, ಬುಟ್ಟಿಯಲ್ಲಿ ಮಾವಿನಹಣ್ಣು. ಬಿಸಿಲಿಗೆ ಮುಖ ಬಾಡಿತ್ತು. ನಾನು ಚೊಂಬು ತುಂಬಿಸಿ ತಂದು ಮುಂದಿಟ್ಟೆ. ಅವರು ಅದನ್ನು ಪಕ್ಕಕ್ಕೆ ಸರಿಸಿದರು. ನನಗೆ ಕೆಡುಕೆನಿಸಿತು. ಒಂದೇ ಸೂರಿನಡಿ ನನ್ನ ಕೈಯಿಂದ ಎಷ್ಟು ಚೊಂಬು ಕುಡಿದವರು! ನನ್ನಿಂದ ಏನು ತಪ್ಪಾಯಿತು ಎಂದು ಕೇಳಿದೆ.

"ಕೊಟ್ಟ ಮನೇಲಿ ಹೆಂಗೆ ಕುಡೀಲಿ?" ಎಂದರು ಅವ್ವ, ನಗದೆ. "ಅವಳ ಓದು ಮುಗೀಲಿ. ಅವತ್ತು ಕುಡೀತೀನಿ."

ಹಾಗೇ ಬಾಯಾರಿಕೊಂಡು ರೈಲಿಗೆ ಹೊರಟರು. ನಾವಿಬ್ಬರೂ ಬಾಗಿಲಲ್ಲಿ ನಿಂತು ನೋಡಿದೆವು. ರಜಕ್ಕೆ ನಾನು ದಾವಣಗೆರೆಗೆ ಹೋಗುತ್ತೇನೆ, ಹೆತ್ತವ್ವ ಎಷ್ಟು ಮುನಿದರೂ ರೊಟ್ಟಿ ತಟ್ಟಿ ಕೊಟ್ಟೇ ಕೊಡುತ್ತಾಳೆ. ಹೊಟ್ಟೆ ತುಂಬ ತಿನ್ನುತ್ತೇನೆ. ಆದರೆ ರಜ ಮುಗಿದ ದಿನವೇ ಹೊರಡಬೇಕು. ಅವ್ವ ಸರಿಸಿಟ್ಟ ಚೊಂಬು ಇಲ್ಲಿದೆ.