ತಟ್ಟಿ ನೋಡುವ ದುರುಗಕ್ಕ

ಸಂತೇಬೆನ್ನೂರಿನ ಸಂತೆಯಲ್ಲಿ ನರ್ಸ್ ದುರುಗಕ್ಕ ಬೆರಳಿನಿಂದ ತಟ್ಟಿ ನೋಡದೆ ಕೊಂಡ ಮಡಕೆಯಿಲ್ಲ, ಕುಂಬಳಕಾಯಿಯಿಲ್ಲ. “ಅಕ್ಕಾರೆ, ಕುಂಬಳಕಾಯಿಗೂ ಕೆಮ್ಮು ಐತೇನ್ರೀ?” ಎಂದು ವ್ಯಾಪಾರಿಗಳು ಕಾಲೆಳೆದರೆ, “ನಿನ್ನ ತಲೆ ತಟ್ಟಿದ್ರೂ ಇದೇ ಸದ್ದು ಬರ್ತೈತೆ” ಎಂದು ಮುಂದೆ ಹೋಗುತ್ತಾಳೆ. ಯಾರಾದರೂ ಎದೆನೋವಿಗೆ “ಗ್ಯಾಸು ಕಣ್ರೀ” ಎಂದು ಸೋಡಾ ಎತ್ತಿದರೆ ಮಾತ್ರ ನಗು ಆರಿಹೋಗಿ, ಬಾಟಲಿ ಕಿತ್ತು ಚರಂಡಿಗೆ ಸುರಿಯುತ್ತಾಳೆ. ಕಳೆದ ಸಂತೆಯಲ್ಲಿ ಮೆಕ್ಕೆಜೋಳದ ಚೀಲ ಹೊರುವ ಮೈಲಾರಿ ಎಡಮಗ್ಗುಲು ಹಿಡಿದುಕೊಂಡು ಕುಸಿದಾಗಲೂ ಯಾರೋ ತಂದ ಸೋಡಾಕ್ಕೆ ಅದೇ ಗತಿ ಮಾಡಿದಳು. ಎದೆ ತಟ್ಟಿದರೆ ಎಡಗಡೆ ಖಾಲಿ ಮಡಕೆಯ ಸದ್ದು; ಕಿವಿಯಿಟ್ಟರೆ ಅಲ್ಲಿ ಉಸಿರೇ ಕೇಳಲಿಲ್ಲ. “ಗಾಳಿ ಎದೆಗೂಡಿಗೆ ಸೋರಿ ಶ್ವಾಸಕೋಶ ಮುದುಡೈತೆ, ಎತ್ರಿ ಆಸ್ಪತ್ರೆಗೆ” ಎಂದಳು. ಡಾಕ್ಟರು ಎದೆಗೆ ಸೂಜಿ ಚುಚ್ಚಿದೊಡನೆ ಗಾಳಿ ಬುಸ್ಸೆಂದು ಹೊರಬಂತು, ಮೈಲಾರಿಯ ನೀಲಿ ತುಟಿಗೆ ಬಣ್ಣ ಮರಳಿತು. ಉಳಿದ ಗಾಳಿ ತೆಗೆಯಲು ಎದೆಗೆ ನಳಿಕೆ ಹಾಕಿಸಬೇಕೆಂದು ದಾವಣಗೆರೆಗೆ ಕಳಿಸಿದರು. “ಹಿಂಗೆ ತಟ್ಟಾಕೆ ಯಾರು ಕಲಿಸಿದ್ರಕ್ಕಾ?” ಎಂದು ಅವನ ಹೆಂಡತಿ ಕೈಮುಗಿದಾಗ, “ನಮ್ಮ ಮನೆಯವ್ರು” ಎಂದಳು. ಅವರು ಡಾಕ್ಟರಲ್ಲ, ಚನ್ನಗಿರಿಯ ಲಾರಿ ಡ್ರೈವರು. ಇಪ್ಪತ್ತು ವರ್ಷದ ಹಿಂದೆ ಒಂದು ಮಧ್ಯಾಹ್ನ ಹೀಗೆಯೇ ಮಗ್ಗುಲು ಹಿಡಿದು ಕುಳಿತಿದ್ದರು. ಆಗಲೂ ದುರುಗಕ್ಕ ನರ್ಸೇ. ತಟ್ಟಿ ನೋಡಲಿಲ್ಲ, ಗ್ಯಾಸೆಂದು ತನ್ನ ಕೈಯಾರೆ ಸೋಡಾ ಕುಡಿಸಿ, ಮಲಗಲು ಚಾಪೆ ಹಾಸಿಕೊಟ್ಟಿದ್ದಳು; ಆ ಚಾಪೆಯಿಂದ ಅವರು ಮತ್ತೆ ಏಳಲಿಲ್ಲ.