ಗೆರೆಯ ದಪ್ಪ

ಆಗ ನಾನು ಮುನಿರಾಬಾದಿನ ನೀರಾವರಿ ಕಚೇರಿಯೊಂದರಲ್ಲಿ ನಕ್ಷೆ ಬರೆಯುತ್ತಿದ್ದೆ. ಅಡಿ ಲೆಕ್ಕದ ಹಳೆಯ ನಕ್ಷೆಗಳನ್ನು ಮೀಟರಿಗೆ ಬದಲಿಸಿ, ನೀಲಿ ಪ್ರತಿ ತೆಗೆಯಲು ಬರುವಂತೆ ಟ್ರೇಸಿಂಗ್ ಹಾಳೆಯ ಮೇಲೆ ಹೊಸದಾಗಿ ಬರೆಯುವುದು ನನ್ನ ಕೆಲಸ.

ಒಂದು ದಿನ ಗಂಗಾವತಿ ಕಡೆಯ ರೈತನೊಬ್ಬ ನೇರ ನನ್ನ ಮೇಜಿಗೇ ಬಂದ.

"ಹೊಲಗಾಲುವಿ ಗೆರಿ ಎಳದವ್ರು ಯಾರ್ರಿ? ನನ್ನ ಬಾವಿಗೇ ಗೂಟ ಬಡದಾರ. ನಾಳೆ ಮುಚ್ಚತಾರಂತ."

ನಕ್ಷೆ ಬಿಚ್ಚಿದೆ. ಬಾವಿಯ ಜಾಗದ ಮೇಲೇ ನನ್ನ ಗೆರೆ ಹಾದುಹೋಗಿತ್ತು.

"ಸ್ವಲ್ಪ ಸರಸ್ರಿ," ಎಂದ.

"ಸಾಹೇಬ್ರ ಸಹಿ ಆಗೈತಿ. ನನ್ನ ಕೈಯಾಗ ಇಲ್ಲ."

ಅವನು ಗೆರೆಯನ್ನು ಬೆರಳಿನಿಂದ ಮುಟ್ಟಿದ. "ಇದು ಹೊಲದಾಗ ಎಷ್ಟು ಅಗಲ ಆಗತೈತ್ರಿ?"

ಗೆರೆಯ ದಪ್ಪ ಅಳೆದು, ನಕ್ಷೆಯ ಪ್ರಮಾಣಕ್ಕೆ ಲೆಕ್ಕ ಹಾಕಿ ನೋಡಿದೆ. ಇಡೀ ಬಾವಿ ಗೆರೆಯ ದಪ್ಪದೊಳಗೇ ಮುಳುಗುತ್ತಿತ್ತು. ಕಾಲುವೆ ಬಾವಿಯ ಮೇಲೆ ಹೋಗಬೇಕೋ ಪಕ್ಕದಲ್ಲೋ ಎಂದು ಆ ಕಾಗದ ನೋಡಿ ಯಾರೂ ಹೇಳುವಂತಿರಲಿಲ್ಲ.

ಅವನನ್ನು ಕರೆದುಕೊಂಡು ಸಾಹೇಬರ ಕೋಣೆಗೆ ಹೋಗಿ ವಿಷಯ ಹೇಳಿದೆ.

"ನಿನ್ನ ನಕ್ಷಿ ತಪ್ಪೈತಂತ ನೀನ ಹೇಳಾಕ ಬಂದಿಯೇನು?" ಎಂದರು ಸಾಹೇಬರು.

"ತಪ್ಪಿಲ್ರಿ, ದಪ್ಪ ಐತಿ," ಎಂದೆ.

ಸಾಹೇಬರು ನಕ್ಷೆಯ ಮೇಲೆ ಬಾಗಿ ಗೆರೆಯನ್ನು ನೋಡಿದರು. ಆಮೇಲೆ ಜೀಪು ತರಿಸಿದರು. ಸಂಜೆಯೊಳಗೆ ಗೂಟ ಬದುವಿನ ಕಡೆ ಸರಿಯಿತು, ಬಾವಿ ಉಳಿಯಿತು.

ನನಗೆ ಅವರು ಬೈಯಲಿಲ್ಲ. ಸಣ್ಣ ಮೊನೆಯ ಪೆನ್ನೊಂದನ್ನು ಕೊಟ್ಟು, ಅಷ್ಟೂ ನಕ್ಷೆಗಳನ್ನು ಮತ್ತೆ ಬರೆಯಲು ಹೇಳಿದರು.