ಯಾರೂ ಗುರುತಿಸದ ಅಕ್ಷರ

ವಹಿಯಲ್ಲಿದ್ದ ಅಕ್ಷರ ನನ್ನದು. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಉಳಿದದ್ದನ್ನು ನನಗೆ ನಾನೇ ಎಷ್ಟು ಸಲ ಹೇಳಿಕೊಂಡಿದ್ದೇನೆಂದರೆ, ಯಾವುದು ನಡೆದದ್ದು, ಯಾವುದು ಹೇಳಿ ಹೇಳಿ ನುಣುಪಾದದ್ದು ಎಂದು ಬೇರೆ ಮಾಡುವುದು ಈಗ ಕಷ್ಟ.

ಯುದ್ಧದ ವರ್ಷಗಳು. ಹಾನಗಲ್ಲಿನ ನಮ್ಮ ಮನೆಯ ಮಾಳಿಗೆಯಲ್ಲಿ ರವಿವಾರ ಮಧ್ಯಾಹ್ನ ಮೂವರು ಮಾಸ್ತರರು ಕೂಡುತ್ತಿದ್ದರು. ಒಬ್ಬ ನಮ್ಮಣ್ಣ. ಇನ್ನೊಬ್ಬರು ನನಗೆ ಏಳನೆಯ ಇಯತ್ತೆ ಕಲಿಸಿದ್ದ ಹೆಡ್‌ಮಾಸ್ತರರು. ಮೂರನೆಯವನು ಅಣ್ಣನ ಗೆಳೆಯ. ಮನೆ ಸವಣೂರಿನಲ್ಲಿ, ನೌಕರಿ ಶಿಗ್ಗಾವಿಯಲ್ಲಿ. ಅವರು ಮಾಡುತ್ತಿದ್ದುದು ಒಂದು ವಿಷಯದ ಅಭ್ಯಾಸ. ಪ್ರಜೆಗಳನ್ನು ಕೇಳದೆ ಆಳುವ ರಾಜ್ಯಗಳು ನಡೆಯುವುದು ಹೇಗೆ? ಒಬ್ಬನ ಮಾತನ್ನು ಲಕ್ಷ ಜನ ಕೇಳುವುದು ಯಾಕೆ?

ಕ್ರಮ ಮಠದ ಪುರಾಣದ್ದು. ಒಬ್ಬ ಓದಬೇಕು, ಇನ್ನೊಬ್ಬ ಅರ್ಥ ಹೇಳಬೇಕು. ಅಣ್ಣ ಪತ್ರಿಕೆಯನ್ನೋ ಹುಬ್ಬಳ್ಳಿಯಿಂದ ತಂದ ಇಂಗ್ಲಿಷ್ ಪುಸ್ತಕವನ್ನೋ ಓದುತ್ತಿದ್ದ, ಹೆಡ್‌ಮಾಸ್ತರರು ಕನ್ನಡದಲ್ಲಿ ಬಿಡಿಸಿ ಹೇಳುತ್ತಿದ್ದರು, ನಾನು ಒಂದು ವಹಿಯಲ್ಲಿ ಬರೆದುಕೊಳ್ಳುತ್ತಿದ್ದೆ. ಜರ್ಮನಿಯಾಯಿತು, ಇಟಲಿಯಾಯಿತು, ರಷ್ಯಾ ಆಯಿತು. ಆಮೇಲೆ ನಮ್ಮನ್ನಾಳುವ ಸರಕಾರದ ಸರದಿ ಬಂತು.

"ನಿಮ್ಮದು ಇಂಗ್ರೇಜರ ಖಾಲಸಾ ಮುಲುಕು, ನಮ್ಮದು ನವಾಬರ ಸಂಸ್ಥಾನ," ಎಂದು ಸವಣೂರಿನವ ನಗುತ್ತಿದ್ದ. "ನೀವು ಪುಸ್ತಕ ಓದಿ ತಿಳ್ಕೋಬೇಕು. ನನಗ ಮನೀಗೆ ಹೋದ್ರ ಸಾಕು."

"ಸುಮ್ನ ಕುಂದ್ರಲೇ," ಎನ್ನುತ್ತಿದ್ದ ಅಣ್ಣ. "ನಿನಗ ಮನ್ಯಾಗ ಆಳಾಕಿ ಬ್ಯಾರೇನ ಅದಾಳ."

ಅವ್ವ ತಿನ್ನಲು ಚುನಮುರಿ ತಂದಿಟ್ಟು ಹೋಗುವಾಗ ಒಂದು ಮಾತು ಬಿಟ್ಟೇ ಹೋಗುತ್ತಿದ್ದಳು: "ಜಗತ್ತಿನ ರಾಜರ್ನೆಲ್ಲಾ ಇಳಿಸ್ರಿ. ಆಮ್ಯಾಲ ಒಬ್ರರೆ ಬಂದು ಕೊಡ ಇಳಿಸ್ರಿ."

ಬರೆಯುವವಳು ನಾನೇ ಯಾಕೆ ಎಂಬುದಕ್ಕೆ ಕಾರಣವಿತ್ತು. ಮೂವರೂ ಮಾಸ್ತರರು, ಮೂವರ ಅಕ್ಷರವೂ ಶಾಲೆಯ ಹಾಜರಿ ಪುಸ್ತಕದಲ್ಲಿ, ಮೇಲಿನ ಕಚೇರಿಗೆ ಹೋದ ಕಾಗದಗಳಲ್ಲಿ ಇತ್ತು. "ಈ ತಂಗಿ ಅಕ್ಷರ ಸರಕಾರದ ಯಾವ ಕಪಾಟಿನಾಗೂ ಇಲ್ಲ," ಎಂದಿದ್ದರು ಹೆಡ್‌ಮಾಸ್ತರರು. ನನಗೆ ಹೆಮ್ಮೆಯಾಗಿತ್ತು. ಆ ಹೆಮ್ಮೆಯನ್ನು ಈಗ ಬರೆಯುವಾಗ ಟಾಕು ನಿಲ್ಲುತ್ತದೆ, ಆದರೂ ಆಗಿತ್ತು. ನನ್ನ ಹೆಸರು ಎಲ್ಲಿಯೂ ಇಲ್ಲವೆಂಬುದೇ ನನ್ನ ಯೋಗ್ಯತೆ ಎಂದು ಯಾರಾದರೂ ಹೇಳಿದರೆ ಆ ವಯಸ್ಸಿನಲ್ಲಿ ಅದೂ ಹೊಗಳಿಕೆಯಂತೆ ಕೇಳಿಸುತ್ತದೆ.

ವಹಿ ವಾರಕ್ಕೊಬ್ಬರ ಮನೆಯಲ್ಲಿರುತ್ತಿತ್ತು. ಚಳವಳಿ ಜೋರಾದ ಕಾಲದಲ್ಲಿ ಶಿಗ್ಗಾವಿಯಲ್ಲಿ ಪೊಲೀಸರು ಮೋಟಾರು ನಿಲ್ಲಿಸಿ ಚೀಲ ನೋಡಿದರು. ಸವಣೂರಿನವನ ಚೀಲದಲ್ಲಿ ವಹಿ ಸಿಕ್ಕಿತು. ಹಾನಗಲ್ಲಿನಲ್ಲಿ ಓದಲು ಕೂಡುತ್ತೇವೆ, ಆದರೆ ಈ ಬರಹ ಯಾರದೋ ಗೊತ್ತಿಲ್ಲ ಎಂದನಂತೆ ಅವನು. ಮೂವರ ಅಕ್ಷರವನ್ನೂ ತರಿಸಿ ಹೋಲಿಸಿದರು. ಯಾರದೂ ಕೂಡಲಿಲ್ಲ. ಅಲ್ಲಿಯವರೆಗೆ ಎಣಿಕೆ ಸರಿಯಾಗಿಯೇ ಇತ್ತು.

ಆಗ ಪೊಲೀಸ್ ಫೌಜದಾರರು ನಮ್ಮ ಮನೆಗೆ ಬಂದರು. ಇಲ್ಲಿ ನನ್ನ ನೆನಪು ಎರಡಾಗುತ್ತದೆ. ಒಂದರಲ್ಲಿ ನಾನು ಪಡಸಾಲೆಯಲ್ಲಿ ಕೂತು ಬರೆಯುತ್ತಿದ್ದೇನೆ. ಇನ್ನೊಂದರಲ್ಲಿ ನಾನು ಒಳಗಿದ್ದೇನೆ, ಕಾಗದವಷ್ಟೇ ಮಸಿಯ ದೌತಿಯ ಕೆಳಗಿದೆ. ಎರಡರಲ್ಲೂ ಕಾಗದ ಒಂದೇ: ಧಾರವಾಡದಲ್ಲಿ ಮಾಸ್ತರಿಕೆಯ ತರಬೇತಿಗೆ ಸೇರಲು ನಾನು ಬರೆದ ಅರ್ಜಿ. ಅಪ್ಪನನ್ನು ಒಪ್ಪಿಸಲು ಒಂದು ವರ್ಷ ಹಿಡಿದಿತ್ತು. ನಮ್ಮ ಓಣಿಯಿಂದ ಯಾವ ಹುಡುಗಿಯೂ ಹಾಗೆ ಹೋಗಿರಲಿಲ್ಲ. ಅರ್ಜಿ ಕಳಿಸುವ ಕೊನೆಯ ದಿನಕ್ಕೆ ಇನ್ನೂ ಎರಡು ವಾರ ಇತ್ತು.

ಫೌಜದಾರರು ಅರ್ಜಿಯನ್ನು ನೋಡಿದರು, ವಹಿಯನ್ನು ಬಿಚ್ಚಿದರು. ಅಪ್ಪನಿಗೆ ಪರಿಚಯದವರು, ಧ್ವನಿ ಏರಿಸಲಿಲ್ಲ. "ಹಿರಿಯರ, ಇದು ನಿಮ್ಮ ಮಗಳ ಅಕ್ಷರ ಏನ್ರಿ?"

ಅಪ್ಪ ಅಣ್ಣನ ಕಡೆ ನೋಡಿದ. ಹೆಡ್‌ಮಾಸ್ತರರೂ ಅಲ್ಲೇ ಇದ್ದರು, ಅವರನ್ನೂ ಕರೆಸಿದ್ದರು.

"ನನಗ ಗೊತ್ತಿಲ್ರಿ ಸಾಹೇಬ್ರ," ಎಂದ ಅಣ್ಣ. "ಆಕಿ ಏನರೆ ಒಂದು ಬರಕೋತ ಇರ್ತಾಳ. ನಾವು ನೋಡಿಲ್ಲ."

"ನೀವು ಕಲಿಸಿದವ್ರು," ಎಂದು ಫೌಜದಾರರು ಹೆಡ್‌ಮಾಸ್ತರರ ಕಡೆ ತಿರುಗಿದರು.

"ಭಾಳ ಮಕ್ಕಳಿಗೆ ಕಲಿಸೇನ್ರಿ. ಎಲ್ಲಾರ ಅಕ್ಷರ ನೆನಪಿಡೂದು ಆಗೂದಿಲ್ಲ."

ನನ್ನ ಲಿಪಿಯನ್ನು ತಿದ್ದಿದವರು ಅವರೇ. 'ಳ' ಅಕ್ಷರದ ಬಾಲವನ್ನು ಉದ್ದ ಎಳೆಯಬೇಡ ಎಂದು ವರ್ಷವಿಡೀ ಹೇಳಿದ್ದರು. ಇಷ್ಟನ್ನು ಅಲ್ಲಿ ನಾನು ಹೇಳಬಹುದಿತ್ತು. ಹೇಳಲಿಲ್ಲ. ಹೇಳಿದರೆ ಮೂವರ ನೌಕರಿ ಹೋಗುತ್ತದೆ, ಹೇಳದಿದ್ದರೆ ಒಬ್ಬ ಹುಡುಗಿಯ ಗೀಚಾಟವೆಂದು ಮುಗಿಯುತ್ತದೆ ಎಂಬ ಲೆಕ್ಕ ಆ ಪಡಸಾಲೆಯಲ್ಲಿ ಎಲ್ಲರಿಗೂ ಒಟ್ಟಿಗೇ ತಿಳಿದಿತ್ತು. ಹಾಗೆಯೇ ಮುಗಿಯಿತು. ಫೌಜದಾರರು ವಹಿಯನ್ನು ಅಪ್ಪನ ಕೈಗಿಟ್ಟು, "ಹೆಣ್ಣು ಹುಡುಗಿ. ಒಲಿಗೆ ಹಾಕಿಬಿಡ್ರಿ," ಎಂದು ಹೋದರು. ಅವ್ವ ಹಾಕಿದಳು.

ಅಷ್ಟಕ್ಕೆ ನಿಂತಿದ್ದರೆ ನಾನು ಕ್ಷಮಿಸಿ ಮರೆಯುತ್ತಿದ್ದೆನೋ ಏನೋ. ಹೆದರಿದವರು ಹೆದರಿದಂತೆ ಮಾತಾಡಿದರು. ಅದು ಆ ಕ್ಷಣದ್ದು.

ಆದರೆ ಅರ್ಜಿಯ ಜೊತೆ ನಡತೆಯ ಪತ್ರವೊಂದು ಬೇಕಿತ್ತು, ಕಲಿಸಿದ ಹೆಡ್‌ಮಾಸ್ತರರ ಸಹಿಯೊಂದಿಗೆ. ನಾನು ಅರ್ಜಿ ಹಿಡಿದು ಅವರ ಮನೆಗೆ ಹೋದೆ. ಅಣ್ಣ ಜೊತೆಗೆ ಬಂದ. ಅವರು ಅರ್ಜಿಯನ್ನು ಪೂರ್ತಿ ಓದಿದರು. ಮಡಚಿದರು. ನನ್ನ ಕಡೆ ಸರಿಸಿದರು.

"ಈ ವರ್ಷ ಬ್ಯಾಡ ತಂಗಿ."

"ಯಾಕ್ರಿ ಮಾಸ್ತರ್ರ?"

"ಈ ಅರ್ಜಿಗೆ ನಾ ಸಹಿ ಮಾಡಿದ್ರ, ಈ ಅಕ್ಷರ ನನಗ ಗೊತ್ತೈತಿ ಅಂತ ಒಪ್ಪಿಕೊಂಡಂಗ ಆಗ್ತೈತಿ. ಫೌಜದಾರರ ಮುಂದ ಏನು ಹೇಳೇನಿ, ನೀನ ಕೇಳಿಯಲ್ಲ."

"ಬ್ಯಾರೆಯವ್ರ ಕಡಿಂದ ಬರಸ್ತೇನ್ರಿ. ನನ್ನ ಅಕ್ಷರ ಇರೂದಿಲ್ಲ."

ಅವರು ಅಣ್ಣನ ಕಡೆ ನೋಡಿದರು, ಅಣ್ಣ ಅಂಗಳದ ಕಡೆ. "ಹೆಸರು ನಿಂದ ಇರತೈತಲ್ಲ," ಎಂದರು. ಎಷ್ಟು ಮೆತ್ತಗೆ ಹೇಳಿದರೆಂದರೆ, ನನಗಾಗಿಯೇ ಅವರು ಏನನ್ನೋ ಬಿಟ್ಟುಕೊಡುತ್ತಿದ್ದಾರೆ ಎನ್ನಿಸಿತು.

ದಾರಿಯಲ್ಲಿ ಅಣ್ಣ, "ಮುಂದಿನ ವರ್ಷ ನೋಡೂಣು," ಎಂದ. ಅಪ್ಪ ಒಮ್ಮೆ ಒಪ್ಪುವ ಮನುಷ್ಯ, ಎರಡು ಸಲ ಅಲ್ಲ. ಅದು ಅವನಿಗೂ ಗೊತ್ತಿತ್ತು.

ಮಾಳಿಗೆಯಲ್ಲಿ ಹೆಡ್‌ಮಾಸ್ತರರು ಹೇಳಿದ ಒಂದು ಮಾತು ಸುಟ್ಟ ವಹಿಯಲ್ಲಿತ್ತು: ಹೊಡೆಯುವವನು ಒಬ್ಬನೇ ಸಾಕು, ನಾನು ನೋಡಲಿಲ್ಲ ಎನ್ನುವವರು ಊರು ತುಂಬ ಬೇಕು. ಅವರು ಹೀಗೆಯೇ ಹೇಳಿದ್ದರೋ, ಆಮೇಲೆ ಕಂಡದ್ದರಿಂದ ನಾನೇ ಕಟ್ಟಿಕೊಂಡೆನೋ, ಈಗ ನೋಡಲು ವಹಿಯಿಲ್ಲ. ಅನುಮಾನದ ಲಾಭ ಅವರಿಗೇ ಹೋಗಲಿ.

ಅರ್ಜಿಯ ಕೊನೆಯ ದಿನ ಒಂದು ಬುಧವಾರವೋ ಗುರುವಾರವೋ. ಅಂದು ಸಂಜೆ ಹೆಡ್‌ಮಾಸ್ತರರು ಎಂದಿನಂತೆ ಮನೆಗೆ ಬಂದರು. ನಾನೇ ಚಹಾ ಕೊಟ್ಟೆ. ಅವರು ಬಶಿಗೆ ಹೊಯ್ದುಕೊಂಡು ಕುಡಿದರು, ನನ್ನ ಮುಖ ನೋಡಿ, "ಅಭ್ಯಾಸ ಬಿಡಬ್ಯಾಡ ತಂಗಿ," ಎಂದರು. ಆಗ ನಾನು ಕೊಟ್ಟ ಉತ್ತರ ಎಂದು ನನ್ನ ಮಗಳಿಗೆ ಒಳ್ಳೆಯ ಖಡಕ್ ಮಾತೊಂದನ್ನು ಹೇಳಿದ್ದೇನೆ. ಅದನ್ನು ನಾನು ಆಡಿರಲಿಲ್ಲ.

"ಹೂಂನ್ರಿ," ಎಂದೆ. ಖಾಲಿ ಕಪ್ಪನ್ನೂ ಬಶಿಯನ್ನೂ ತೆಗೆದುಕೊಂಡು ಒಳಗೆ ಹೋದೆ. ಇದು ಮಾತ್ರ ಹೀಗೆಯೇ ನಡೆಯಿತು.